ಮಳೆ ಇಲ್ಲದ ದಿನವೂ ಕಾರಿನ ಮ್ಯಾಟ್ ಒದ್ದೆಯಾಗುವುದು ಯಾಕೆ?

ಪ್ರಶ್ನೆ: ನಾನು ಬಸವನಗುಡಿಯವನು. ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ. ಮನೆ ಮುಂದೆ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತೇನೆ. ಜೂನ್ ಕೊನೆಯಿಂದ ಮುಂದಿನ ಎಡ ಸೀಟಿನ ಕಾಲಿಡುವ ಜಾಗದಲ್ಲಿ ಮ್ಯಾಟ್ ಸದಾ ಒದ್ದೆ. ಮೊನ್ನೆ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಬಲಕ್ಕೆ ತಿರುಗಿದ ತಕ್ಷಣ ಅವರ ಪಾದದ ಮೇಲೆ ತಣ್ಣಗೆ ನೀರು ಸುರಿದು ಸೀರೆಯ ಅಂಚೆಲ್ಲ ನೆನೆಯಿತು. ಒಂದು ಗ್ಯಾರೇಜಿನವರು ಮುಂದಿನ ಗಾಜಿನ ಸುತ್ತ ಸೀಲಂಟ್ ಹಾಕಿ 4,500 ರೂಪಾಯಿ ತಗೊಂಡರು. ನೀರು ನಿಲ್ಲಲಿಲ್ಲ. ಇನ್ನೊಬ್ಬರು ‘ಗ್ಯಾಸ್ ಲೀಕ್ ಆಗಿ ನೀರು ಬರ್ತಿದೆ, ಕೂಲಿಂಗ್ ಕಾಯಿಲ್ ಬದಲಿಸಬೇಕು, 18,000 ಆಗುತ್ತೆ’ ಅಂದರು. ಎಸಿ ತಂಪು ಮಾತ್ರ ಮೊದಲಿನ ಹಾಗೇ ಇದೆ. ಆನ್ ಮಾಡಿದಾಗ ಹುಳಿ ವಾಸನೆ ಬರುತ್ತದೆ. ಡ್ರೈನ್ ಪೈಪಿಗೆ ತಂತಿ ಚುಚ್ಚಿದರೆ ಸಾಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನಾನೇ ಮಾಡಬಹುದಾ? ಕಾಯಿಲ್ ಬದಲಿಸಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ‘ಬಲಕ್ಕೆ ತಿರುಗಿದ ತಕ್ಷಣ’ ಅನ್ನುವ ಮಾತಿನ ಮೇಲೆ. ಗಾಜಿನಿಂದ ಸೋರುವ ಮಳೆನೀರು ಹಾಗೆ ಕಾದು ಕೂತು ಸುರಿಯುವುದಿಲ್ಲ. ಅದು ಮಳೆ ಬರುವಾಗ ಸದ್ದಿಲ್ಲದೆ ಇಳಿದು ಕಾರ್ಪೆಟ್ ಸೇರುತ್ತದೆ. ತಿರುವಿನಲ್ಲಿ ಒಮ್ಮೆಲೇ ಸುರಿಯಿತು ಅಂದರೆ ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲೋ ನೀರು ತುಂಬಿಕೊಂಡಿದೆ ಅಂತ ಅರ್ಥ. ಕಾರು ಬಲಕ್ಕೆ ತಿರುಗಿದಾಗ ಆ ನೀರು ಎಡಕ್ಕೆ ಹೊಯ್ದಾಡುತ್ತದೆ. ಅದು ನಿಂತಿರುವ ತಟ್ಟೆಯ ಅಂಚು ದಾಟಿ, ಎಡಗಡೆ ಕೂತವರ ಕಾಲ ಮೇಲೆ ಬೀಳುತ್ತದೆ. ಎಸಿ ಚೆನ್ನಾಗಿ ತಂಪು ಮಾಡುತ್ತಿದೆ ಅಂತಲೂ ಬರೆದಿದ್ದೀರಿ. ಇವೆರಡನ್ನೂ ಸೇರಿಸಿ ನೋಡಿದರೆ ನಿಮ್ಮ ಕಾರಿನ ಎಸಿ ಡ್ರೈನ್ ಪೈಪು ಕಟ್ಟಿಕೊಂಡಿರುವ ಸಾಧ್ಯತೆಯೇ ಜಾಸ್ತಿ. ಆದರೆ ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ಕೆಳಗೆ ಒಂದು ಪರೀಕ್ಷೆ ಹೇಳುತ್ತೇನೆ, ಖರ್ಚಿಲ್ಲದ್ದು. ಅದನ್ನು ಮಾಡದೆ ಯಾರಿಗೂ ಇನ್ನೊಂದು ರೂಪಾಯಿ ಕೊಡಬೇಡಿ.

ಈ ನೀರು ಎಲ್ಲಿಂದ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳೋಣ. ಗ್ಲವ್ ಬಾಕ್ಸಿನ ಹಿಂದೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತದೆ. ಅದರೊಳಗೆ ಅಲ್ಯುಮಿನಿಯಂ ಕೂಲಿಂಗ್ ಕಾಯಿಲ್. ಎಸಿ ಓಡುವಾಗ ಅದು 5ರಿಂದ 8 ಡಿಗ್ರಿಗೆ ತಣ್ಣಗಾಗುತ್ತದೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹೊರಮೈ ಬೆವರುತ್ತದಲ್ಲ, ಇದೂ ಹಾಗೇ ಬೆವರುತ್ತದೆ. ಆ ಹನಿಗಳೆಲ್ಲ ಪೆಟ್ಟಿಗೆಯ ತಳದ ತಟ್ಟೆಗೆ ಇಳಿದು, ಬೆರಳು ಗಾತ್ರದ ಒಂದು ರಬ್ಬರ್ ಪೈಪಿನ ಮೂಲಕ ಎಂಜಿನ್ ಕಡೆಯ ತಗಡನ್ನು ದಾಟಿ ಕಾರಿನ ಕೆಳಗೆ ಬೀಳಬೇಕು. ಇಡೀ ವ್ಯವಸ್ಥೆಯಲ್ಲಿ ಪಂಪು ಇಲ್ಲ, ಮೋಟಾರು ಇಲ್ಲ. ನೀರು ತನ್ನ ಭಾರಕ್ಕೆ ತಾನೇ ಇಳಿದು ಹೋಗಬೇಕು. ಅದಕ್ಕೇ ಒಂದು ಚಿಟಿಕೆ ಕೆಸರು ಅಡ್ಡ ಬಂದರೂ ಸಾಕು, ಅಲ್ಲೇ ನಿಂತುಬಿಡುತ್ತದೆ.

ಈಗ ಜೂನ್‌ನಲ್ಲೇ ಯಾಕೆ ಶುರುವಾಯಿತು ಅನ್ನುವ ವಿಷಯ. ಸೀಲಂಟ್ ಹಾಕಿದವರು ದಾರಿ ತಪ್ಪಿದ್ದು ಇಲ್ಲೇ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ 33 ಡಿಗ್ರಿ ಬಿಸಿಲಿದ್ದು ತೇವಾಂಶ ಶೇಕಡ 28ರಷ್ಟಿದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚುಕಡಿಮೆ 10 ಗ್ರಾಂ ನೀರಿನ ಆವಿ ಇರುತ್ತದೆ. ಕಾಯಿಲ್ ದಾಟಿ ತಣ್ಣಗಾದ ಗಾಳಿಯಲ್ಲಿ 8 ಗ್ರಾಂ ಉಳಿಯುತ್ತದೆ. ಅಂದರೆ ಹನಿಯಾಗುವುದು ಬರೀ 2 ಗ್ರಾಂ. ಅದೇ ಜುಲೈ ಸಂಜೆ 24 ಡಿಗ್ರಿ, ತೇವಾಂಶ ಶೇಕಡ 85 ಇದ್ದರೆ ಅಷ್ಟೇ ಗಾಳಿಯಲ್ಲಿ 18 ಗ್ರಾಂ ಇರುತ್ತದೆ. 10 ಗ್ರಾಂ ನೀರಾಗಿ ಇಳಿಯುತ್ತದೆ. ಹೊರಗಿನ ಗಾಳಿ ಗಂಟೆಗೆ 100 ಘನ ಮೀಟರ್ ಒಳಗೆ ಬಂತು ಅಂತ ಇಟ್ಟುಕೊಳ್ಳಿ, ಒಂದು ಲೀಟರ್ ನೀರು! ಬೇಸಿಗೆಗಿಂತ ಐದು ಪಟ್ಟು. ಮಳೆಯಲ್ಲಿ ಗಾಜಿನ ಮಂಜು ಹೋಗಲಿ ಅಂತ ನಾವೆಲ್ಲ ಎಸಿ ಹಾಕುತ್ತೇವೆ ಅಲ್ವಾ? ಹಾಗಾಗಿ ಮಳೆ ಬಂದ ದಿನವೇ ಕಾರಿನೊಳಗೆ ನೀರು ಕಾಣುತ್ತದೆ, ಬೈಗುಳ ಮಳೆಗೆ ಬೀಳುತ್ತದೆ.

ಪೈಪು ಕಟ್ಟಿಕೊಳ್ಳುವ ಕೆಲಸ ಮಾತ್ರ ಬೇಸಿಗೆಯಲ್ಲೇ ಮುಗಿದಿರುತ್ತದೆ. ವೈಪರ್ ಕೆಳಗೆ ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಹೊರಗಿನ ಗಾಳಿ ಒಳಗೆ ಬರುವುದು ಅಲ್ಲಿಂದ. ಫೆಬ್ರವರಿ, ಮಾರ್ಚಿನಲ್ಲಿ ಹೊಂಗೆ ಎಲೆ ಉದುರುತ್ತದೆ. ಹಿಂದೆಯೇ ಅಕ್ಕಿ ಚೆಲ್ಲಿದ ಹಾಗೆ ಹೂವು. ಮಳೆಮರದ ಪುಟ್ಟ ಎಲೆಗಳು, ಗುಲ್‌ಮೊಹರ್ ಎಸಳು, ಜೊತೆಗೆ ರಸ್ತೆ ಅಗೆದ ದೂಳು. ಗ್ಲವ್ ಬಾಕ್ಸಿನ ಹಿಂದಿನ ಎಸಿ ಫಿಲ್ಟರ್ ಸರಿಯಾಗಿದ್ದರೆ ಕಸ ಬಹುಪಾಲು ಅಲ್ಲೇ ನಿಲ್ಲುತ್ತದೆ. ಎಷ್ಟೋ ಕಾರಿನಲ್ಲಿ ಫಿಲ್ಟರ್ ವರ್ಷಗಟ್ಟಲೆ ಬದಲಾಗಿರುವುದಿಲ್ಲ. ಕೆಲವು ಸಣ್ಣ ಕಾರುಗಳಲ್ಲಿ ಫಿಲ್ಟರ್ ಕೂರುವ ಜಾಗ ಮೊದಲಿನಿಂದಲೂ ಖಾಲಿ. ಒಳಗೆ ಹೋದ ನುಣ್ಣನೆ ದೂಳು ಕಾಯಿಲ್‌ನ ತೇವಕ್ಕೆ ಅಂಟಿಕೊಂಡು, ಬೂಸು ಬೆಳೆದು, ಲೋಳೆಯಾಗಿ ತಟ್ಟೆಗೆ ಇಳಿಯುತ್ತದೆ. ನಿಮಗೆ ಬರುವ ಹುಳಿ ವಾಸನೆ ಆ ಲೋಳೆಯದ್ದೇ.

ಪೈಪಿನ ಹೊರತುದಿಯಿಂದಲೂ ತೊಂದರೆ ಬರುತ್ತದೆ. ಅಂಡರ್‌ಪಾಸಿನ ಕೆಸರು ನೀರಿನಲ್ಲಿ ಕಾರು ಹೋದರೆ ಬಾಯಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ತಿಂಗಳುಗಟ್ಟಲೆ ಕಾರು ನಿಂತಲ್ಲೇ ನಿಂತಿದ್ದರೆ ಕಡಜ ಅದರೊಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಇನ್ನೊಂದು ಕಾರಣವಿದೆ, ಗ್ಯಾರೇಜಿನವರಾಗಿ ನಾವು ಒಪ್ಪಿಕೊಳ್ಳಬೇಕಾದ್ದು. ಮ್ಯೂಸಿಕ್ ಸಿಸ್ಟಂ ಹಾಕುವಾಗ, ಕಾರ್ಪೆಟ್ ಮೇಲೆ ಹೊಸ ಹೊದಿಕೆ ಹಾಕಿಸುವಾಗ ಕೈ ತಾಗಿ ಪೈಪು ಕಳಚಿಕೊಳ್ಳುತ್ತದೆ ಅಥವಾ ಮಡಚಿಕೊಳ್ಳುತ್ತದೆ. ಪೂರ್ತಿ ಶುದ್ಧವಾಗಿರುವ ಪೈಪು, ಆದರೆ ನೀರು ಬೀಳುವುದು ಕಾರಿನೊಳಗೆ. ಅಂಥ ಕೆಲಸ ಈಚೆಗೆ ಏನಾದರೂ ಮಾಡಿಸಿದ್ದರೆ ಮೆಕ್ಯಾನಿಕ್‌ಗೆ ಮರೆಯದೆ ಹೇಳಿ.

ಕಳೆದ ವರ್ಷ ಜುಲೈನಲ್ಲಿ ಒಬ್ಬರು ಜಯನಗರದಿಂದ ಇದೇ ತೊಂದರೆ ಹೇಳಿಕೊಂಡು ಬಂದಿದ್ದರು. ಕಾರು ಲಿಫ್ಟ್ ಮೇಲೆ ಏರಿಸಿ ಟಾರ್ಚ್ ಹಿಡಿದೆ. ಪೈಪಿನ ತುದಿ ಒಣಗಿತ್ತು, ಎಸಿ ಓಡುತ್ತಿದ್ದರೂ ಒಂದು ಹನಿ ಇರಲಿಲ್ಲ. ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹಿಸುಕಿದೆ. ಗಟ್ಟಿಯಾಗಿ ಏನೋ ಸಿಕ್ಕಿತು. ಎರಡು ಮೂರು ಸಲ ಹಿಸುಕಿ ಬಿಟ್ಟ ಮೇಲೆ ನೆನೆದ ಹುಣಸೆಹಣ್ಣಿನಂಥ ಒಂದು ಕಪ್ಪು ಉಂಡೆ ಜಾರಿ ಅಂಗೈಗೆ ಬಿತ್ತು. ಅದರ ಹಿಂದೆಯೇ ಚಹಾ ಬಣ್ಣದ ನೀರು. ಕೆಳಗೆ ಹಿಡಿದ ಮಗ್ ತುಂಬಿ ಹೊರಗೆ ಚೆಲ್ಲಿತು. ಆ ಉಂಡೆಯನ್ನು ನಲ್ಲಿಯ ಕೆಳಗೆ ಬಿಡಿಸಿ ನೋಡಿದರೆ ಹೊಂಗೆ ಹೂವಿನ ಎಸಳುಗಳು, ಬಟ್ಟೆಯ ಎಳೆ, ದೂಳು. ಅವರು ಅಷ್ಟು ಹೊತ್ತಿಗೆ ಎರಡು ಕಡೆ ದುಡ್ಡು ಕೊಟ್ಟು, ಬಾಗಿಲ ರಬ್ಬರ್ ಎಲ್ಲ ಬದಲಿಸಿಕೊಂಡು ಬಂದಿದ್ದರು. ನನಗೆ ನಿಜಕ್ಕೂ ಸಂಕಟವಾಯಿತು.

ನಿಮಗೆ ಹೇಳಿದ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ನೋಡೋಣ. ‘ಗ್ಯಾಸ್ ಲೀಕ್ ಆಗಿ ನೀರು ಬರುತ್ತದೆ’ ಅನ್ನುವುದು ಆ ರೂಪದಲ್ಲಿ ಸುಳ್ಳು. ಎಸಿಯೊಳಗಿನ ಗ್ಯಾಸ್ ಆರ್-134ಎ ಆಗಲಿ, ಕೆಲವು ಹೊಸ ಕಾರುಗಳ ಆರ್-1234ವೈಎಫ್ ಆಗಲಿ, ಸೋರಿದರೆ ಗಾಳಿಗೆ ಹೋಗುತ್ತದೆ, ನೀರಾಗುವುದಿಲ್ಲ. ಆದರೆ ಅದರಲ್ಲಿ ಒಂದು ಎಳೆ ನಿಜವೂ ಇದೆ. ಗ್ಯಾಸ್ ಕಡಿಮೆಯಾದಾಗ, ಫಿಲ್ಟರ್ ಪೂರ್ತಿ ಮುಚ್ಚಿಹೋದಾಗ ಅಥವಾ ಕಾಯಿಲ್‌ನ ತಾಪ ಅಳೆಯುವ ಸೆನ್ಸರ್ ಕೆಟ್ಟಾಗ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಎಸಿ ಆಫ್ ಮಾಡಿದ ಮೇಲೆ ಆ ಐಸ್ ಒಮ್ಮೆಲೇ ಕರಗಿ ನೀರು ಹೆಚ್ಚಾಗುತ್ತದೆ. ಹಾಗಿದ್ದರೆ ಅರ್ಧ ಮುಕ್ಕಾಲು ಗಂಟೆ ಓಡಿಸುವಷ್ಟರಲ್ಲಿ ಗಾಳಿಯ ಜೋರು ಕಡಿಮೆಯಾಗುತ್ತದೆ, ತಂಪು ಕುಂದುತ್ತದೆ. ನಿಮ್ಮ ಕಾರಿನಲ್ಲಿ ತಂಪು ಕುಂದಿಲ್ಲ. ಹಾಗಾಗಿ ಆ ದಾರಿ ಸದ್ಯಕ್ಕೆ ಬಿಡೋಣ.

ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಏನೋ ಕೆಟ್ಟಿದೆ ಅಂತ ಗಾಬರಿಯಾಗುವವರು ತುಂಬ ಜನ. ತಿಳಿ ನೀರು ಬೀಳುತ್ತಿದ್ದರೆ ಅದು ಆರೋಗ್ಯದ ಲಕ್ಷಣ. ಮಳೆಗಾಲದಲ್ಲಿ ಎಸಿ ಹಾಕಿಯೂ ಅದು ಬೀಳದಿದ್ದರೆ ಚಿಂತೆ ಮಾಡಬೇಕು.

ಪರೀಕ್ಷೆ ಹೀಗೆ ಮಾಡಿ. ಮಳೆ ಬೀಳದ ಜಾಗದಲ್ಲಿ, ಆದರೆ ಗಾಳಿ ಆಡುವ ಕಡೆ, ಒಣ ನೆಲದ ಮೇಲೆ ಕಾರು ನಿಲ್ಲಿಸಿ. ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಓಡಿಸುವುದು ಬೇಡ, ಹೊಗೆಯಿಂದ ಪ್ರಾಣಕ್ಕೇ ಅಪಾಯ. ಮ್ಯಾಟ್ ತೆಗೆದು ಕಾರ್ಪೆಟ್ ಮೇಲೆ ಹಳೇ ಪೇಪರ್ ಹಾಸಿ. ಎಸಿ ಪೂರ್ತಿ ತಂಪಿಗೆ ಇಟ್ಟು, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಮಾಡಿ, 20 ನಿಮಿಷ ಓಡಿಸಿ. ಮುಂದಿನ ಚಕ್ರಗಳ ಹಿಂಭಾಗದಲ್ಲಿ, ಮಧ್ಯದಿಂದ ಎಡಕ್ಕೆ, ನೆಲ ಒದ್ದೆಯಾಗಬೇಕು. ನೆಲ ಒಣಗಿದ್ದು ಪೇಪರ್ ಒದ್ದೆಯಾದರೆ ಕಳ್ಳ ಸಿಕ್ಕಿದ ಹಾಗೆ. ಇದನ್ನು ತೇವದ ದಿನವೇ ಮಾಡಿ, ಒಣ ಹವೆಯಲ್ಲಿ ಹನಿ ಕಮ್ಮಿ ಇರುತ್ತದೆ.

ಬಿಳಿ ಟಿಶ್ಯೂ ಪೇಪರನ್ನು ಆ ನೀರಿಗೆ ಒತ್ತಿ ನೋಡುವುದೂ ಒಳ್ಳೆಯದು. ಬಣ್ಣ, ಜಿಡ್ಡು ಇಲ್ಲದಿದ್ದರೆ ಎಸಿ ನೀರು ಅಥವಾ ಮಳೆನೀರು. ಹಸಿರೋ ಗುಲಾಬಿಯೋ ಬಣ್ಣವಿದ್ದು, ಬೆರಳಿಗೆ ಅಂಟಾಗಿ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ. ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಸೋರುತ್ತಿದೆ ಅಂತ ಅರ್ಥ. ಆಗ ಮುಂದಿನ ಗಾಜಿನ ಒಳಮೈಯಲ್ಲೂ ಜಿಡ್ಡಿನ ಪೊರೆ ಕಟ್ಟುತ್ತದೆ, ಎಂಜಿನ್ ಕಡೆಯ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಅದನ್ನು ಮುಂದೂಡಬಾರದು, ಎಂಜಿನ್ ಬಿಸಿಯಾಗಿ ಕೆಟ್ಟುಹೋದೀತು. ಕೂಲೆಂಟ್ ವಿಷ, ಯಾವ ಕಾರಣಕ್ಕೂ ನಾಲಿಗೆಗೆ ಮುಟ್ಟಿಸಬೇಡಿ.

ಎಸಿ ಪರೀಕ್ಷೆಯಲ್ಲಿ ಪೇಪರ್ ಒಣಗೇ ಉಳಿದರೆ ಮಾತ್ರ ಮಳೆನೀರಿನ ಕಡೆ ತಿರುಗಿ. ಎಸಿ ಆಫ್ ಮಾಡಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಇನ್ನೊಬ್ಬರು ವೈಪರ್ ಜಾಲರಿಯ ಮೇಲೆ, ಆಮೇಲೆ ಗಾಜಿನ ಅಂಚು, ಕೊನೆಗೆ ಬಾಗಿಲ ಮೇಲೆ ಮಗ್ಗಿನಲ್ಲಿ ನೀರು ಹುಯ್ಯಲಿ. ನಾನು ನೋಡಿದ ಹಾಗೆ ಗಾಜಿನ ಸೀಲಂಟ್ ಸುಮ್ಮಸುಮ್ಮನೆ ಸೋರುವುದು ಅಪರೂಪ, ಗಾಜು ಒಮ್ಮೆ ಬದಲಾಗಿದ್ದರೆ ಬೇರೆ ಮಾತು. ವೈಪರ್ ಜಾಲರಿಯ ಕೆಳಗೆ ಎಲೆ ತುಂಬಿ, ನೀರು ಹೊರಹೋಗುವ ತೂತು ಮುಚ್ಚಿ, ಬ್ಲೋವರ್ (ಎಸಿಯ ಫ್ಯಾನ್) ಮೂಲಕ ಒಳಗೆ ಬರುವುದೇ ಜಾಸ್ತಿ. ಸನ್‌ರೂಫ್ ಇದ್ದರೆ ಅದಕ್ಕೂ ಮೂಲೆಗಳಲ್ಲಿ ಸಣ್ಣ ಪೈಪುಗಳಿರುತ್ತವೆ, ಅವೂ ಕಟ್ಟುತ್ತವೆ.

ನೀವೇ ಮಾಡಬಹುದಾ ಅಂದಿರಿ. ಮಾಡಬಹುದು, ಆದರೆ ಪಕ್ಕದ ಮನೆಯವರು ಹೇಳಿದ ತಂತಿ ಬೇಡ. ಪೈಪಿನ ನೇರಕ್ಕೆ, ಗೇಣು ದೂರದಲ್ಲೇ ಕಾಯಿಲ್ ಇರಬಹುದು. ಅದರ ಅಲ್ಯುಮಿನಿಯಂ ತುಂಬ ತೆಳು. ಸೈಕಲ್ ಕಡ್ಡಿ, ಸ್ಕ್ರೂಡ್ರೈವರ್, ಕಬ್ಬಿಣದ ತಂತಿ ತಾಗಿ ತೂತಾಯಿತು ಅಂದರೆ ಆಗ ನಿಜವಾಗಿಯೂ ಗ್ಯಾಸ್ ಲೀಕ್, ನಿಜವಾಗಿಯೂ ಹೊಸ ಕಾಯಿಲ್. ಎಷ್ಟೋ ಕಾರುಗಳಲ್ಲಿ ಅದಕ್ಕಾಗಿ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು.

ಅದಕ್ಕಿಂತ ದೊಡ್ಡ ಅಪಾಯ ಕಾರಿನ ಕೆಳಗೆ ಹೋಗುವುದು. ಕಾರಿನ ಜೊತೆ ಬಂದ ಜಾಕ್ ಟೈರ್ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆಯಂತೂ ಬೇಡವೇ ಬೇಡ, ಕೈ ಕೂಡ ಹಾಕಬೇಡಿ. ಲಿಫ್ಟ್ ಅಥವಾ ಗುಂಡಿ ಇರುವ ವಾಟರ್ ಸರ್ವಿಸ್ ಜಾಗಕ್ಕೆ ಹೋಗಿ. ಎಂಜಿನ್ ಆರಿಸಿ ಒಂದು ಗಂಟೆಯಾದರೂ ಕಳೆದಿರಲಿ, ಸೈಲೆನ್ಸರ್ ಪೈಪು ಡ್ರೈನ್ ಹತ್ತಿರವೇ ಹಾದುಹೋಗುತ್ತದೆ, ಚರ್ಮ ಸುಟ್ಟುಹೋಗುತ್ತದೆ. ಎಲೆಕ್ಟ್ರಿಕ್ ಕಾರಿನವರು ಇದನ್ನು ಓದುತ್ತಿದ್ದರೆ, ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ ಕೈ ಹಾಕಬೇಡಿ, ಕಂಪನಿ ಸರ್ವಿಸ್‌ಗೇ ಕೊಡಿ.

ಪೈಪಿನ ತುದಿ ಸಿಕ್ಕಿದ ಮೇಲೆ ಮೊದಲು ಬರಿಗೈಯಲ್ಲಿ ಹಿಸುಕಿ. ಅರ್ಧ ಕಾರುಗಳು ಅಷ್ಟಕ್ಕೇ ಸರಿಹೋಗುವುದನ್ನು ನೋಡಿದ್ದೇನೆ. ಮುಖ ಅದರ ನೇರಕ್ಕೆ ಇಟ್ಟುಕೊಳ್ಳಬೇಡಿ, ನೀರು ರಪ್ಪನೆ ಬರುತ್ತದೆ. ಬಗ್ಗದಿದ್ದರೆ ತೇವ ಎಳೆಯುವ ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಯನ್ನು ಬಟ್ಟೆ ಸುತ್ತಿ ಪೈಪಿಗೆ ಹಿಡಿದು ಎಳೆಯಿರಿ. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ವಿಧಾನ ಇದೇ. ಕಸ ಬಂದ ದಾರಿಯಲ್ಲಿ ಮುಂದಕ್ಕೇ ಹೋಗುತ್ತದೆ, ಒಳಗೆ ಯಾವುದಕ್ಕೂ ಪೆಟ್ಟಿಲ್ಲ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಬಳಸಬೇಡಿ, ನೀರು ಮೋಟಾರಿಗೆ ಹೋಗಿ ಶಾಕ್ ಹೊಡೆದೀತು. ಅದೂ ಆಗದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತಗೊಂಡು, ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ಮೆಲ್ಲಗೆ ತಿರುಗಿಸುತ್ತ ಒಳಗೆ ಬಿಡಿ. ತಡೆದರೆ ನಿಲ್ಲಿಸಿ, ನೂಕಬೇಡಿ. ಪೈಪಿನಲ್ಲಿ ತಿರುವು ಇರಬಹುದು.

ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ನನಗೆ ಹಿಡಿಸುವುದಿಲ್ಲ. ಆ ಒತ್ತಡಕ್ಕೆ ಪೈಪು ಒಳಗಡೆ ತಟ್ಟೆಯಿಂದಲೇ ಕಳಚಿಕೊಂಡರೆ ಇನ್ನು ಮುಂದೆ ಎಲ್ಲ ನೀರೂ ಕಾರ್ಪೆಟ್‌ಗೇ. ಜೊತೆಗೆ ತಟ್ಟೆಯ ಕೊಳೆ ನೀರು ಮೇಲೆ ಚಿಮ್ಮಿ ಬ್ಲೋವರ್ ಮೋಟಾರು, ಕನೆಕ್ಟರ್‌ಗಳ ಮೇಲೆ ಬೀಳುತ್ತದೆ. ಮೆಕ್ಯಾನಿಕ್ ಗಾಳಿಯನ್ನೇ ಬಳಸುವುದಾದರೆ ಒತ್ತಡ ತೀರಾ ಕಡಿಮೆ ಮಾಡಿ, ಚೂರು ಚೂರೇ ಬಿಡಲಿ. ಆ್ಯಸಿಡ್, ಬ್ಲೀಚಿಂಗ್, ಬಾತ್‌ರೂಮ್ ಪೈಪಿಗೆ ಹಾಕುವ ಪುಡಿ ಯಾವುದೂ ಬೇಡ, ಅವು ಅಲ್ಯುಮಿನಿಯಂ ತಿನ್ನುತ್ತವೆ. ಹುಳಿ ವಾಸನೆಗೆ ಕಾಯಿಲ್ ತೊಳೆಯುವ ಫೋಮ್ ಸಿಗುತ್ತದೆ, ಆದರೆ ಪೈಪು ತೆರೆದ ಮೇಲೆ ಹಾಕಿಸಿ. ಮೊದಲೇ ಹಾಕಿದರೆ ಫೋಮ್ ಕರಗಿದ ಕೊಳೆಯೂ ಅಮ್ಮನ ಕಾಲ ಮೇಲೇ ಬರುತ್ತದೆ.

ಇನ್ನು ಕಾರ್ಪೆಟ್. ಜನ ಹೆಚ್ಚು ಅಲಕ್ಷ್ಯ ಮಾಡುವುದು ಇದನ್ನೇ. ಮೇಲೆ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಕೆಳಗಿನ ದಪ್ಪ ಫೋಮ್ ಲೀಟರುಗಟ್ಟಲೆ ನೀರು ಕುಡಿದು ಕೂತಿರುತ್ತದೆ. ನಿಮ್ಮದು ಒಂದು ತಿಂಗಳಿಂದ ನೆನೆದಿದೆ. ಬಾಗಿಲ ಹೊಸ್ತಿಲ ಪಟ್ಟಿ ಬಿಚ್ಚಿಸಿ, ಕಾರ್ಪೆಟ್ ಎತ್ತಿಸಿ ನೋಡಲೇಬೇಕು. ಕೆಲವು ಕಾರುಗಳಲ್ಲಿ ಅಲ್ಲೇ ವೈರಿಂಗ್, ಕಂಟ್ರೋಲ್ ಯೂನಿಟ್ ಇರುತ್ತದೆ. ಕನೆಕ್ಟರ್‌ಗಳಿಗೆ ಹಸಿರು ಕಿಲುಬು ಹಿಡಿದರೆ ಮೀಟರಿನಲ್ಲಿ ಒಂದೊಂದು ದಿನ ಒಂದೊಂದು ಲೈಟ್ ಉರಿಯುತ್ತದೆ, ಕಾರಣ ಹುಡುಕುವುದು ದೊಡ್ಡ ತಲೆನೋವು. ಸೀಟು ಬಿಚ್ಚಬೇಕಾಗಿ ಬಂದರೆ ನೀವು ಮಾಡಬೇಡಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದ್ದು. ಬ್ಯಾಟರಿ ಬಿಚ್ಚಿ, ಸ್ವಲ್ಪ ಹೊತ್ತು ಕಾದು, ತಿಳಿದವರೇ ತೆಗೆಯಬೇಕು. ಈ ಹವೆಯಲ್ಲಿ ಬಿಸಿಲು ನಂಬಿದರೆ ಆಗದು. ಎತ್ತಿದ ಕಾರ್ಪೆಟ್ ಕೆಳಗೆ ಇಟ್ಟಿಗೆ ಕೊಟ್ಟು ಟೇಬಲ್ ಫ್ಯಾನ್ ಬಿಟ್ಟರೆ ಎರಡು ಮೂರು ದಿನಕ್ಕೆ ಒಣಗುತ್ತದೆ. ಪರ್ಫ್ಯೂಮ್ ಡಬ್ಬಿ ಇಟ್ಟು ವಾಸನೆ ಮುಚ್ಚುವುದು ಬೇಡ, ಆ ಬೂಸು ಗಾಳಿಯಲ್ಲಿ ತಾಯಿಯವರು ಉಸಿರಾಡಬೇಕಲ್ಲ.

ಪೈಪು ತೆರೆದುಕೊಳ್ಳುವವರೆಗೆ ಕಾರು ಓಡಿಸಬಹುದು, ಆದರೆ ಎಸಿ ಆಫ್ ಇರಲಿ. ಮಂಜಿಗೆ ಕಿಟಕಿ ಒಂದಿಂಚು ಇಳಿಸಿ, ಬ್ಲೋವರ್ ಗಾಳಿಯನ್ನು ಗಾಜಿಗೆ ತಿರುಗಿಸಿ, ಸ್ವಲ್ಪ ಬಿಸಿ ಮಾಡಿಕೊಳ್ಳಿ. ಮಳೆ ಜೋರಾಗಿ ಗಾಜು ಕಾಣದಷ್ಟು ಮಂಜು ಕಟ್ಟಿದರೆ ಮಾತ್ರ ಎಸಿ ಹಾಕಿ. ರಸ್ತೆ ಕಾಣುವುದು ಕಾರ್ಪೆಟ್‌ಗಿಂತ ಮುಖ್ಯ. ನೀರು ಡ್ರೈವರ್ ಕಡೆ ಹರಿದಿದ್ದರೆ ಆ ಒದ್ದೆ ಮ್ಯಾಟ್ ತೆಗೆದುಬಿಡಿ, ಬ್ರೇಕ್ ಪೆಡಲ್ ಮೇಲೆ ಚಪ್ಪಲಿ ಜಾರುತ್ತದೆ.

ಮರದ ಕೆಳಗೆ ನಿಲ್ಲಿಸಬೇಡಿ ಅಂತ ನಾನು ಹೇಳುವುದಿಲ್ಲ. ಬಸವನಗುಡಿಯಲ್ಲಿ ಮರವಿಲ್ಲದ ರಸ್ತೆ ಎಲ್ಲಿದೆ? ಹೊಂಗೆ ಹೂ ಬಿಡುವ ತಿಂಗಳುಗಳಲ್ಲಿ ಬೆಳಿಗ್ಗೆ ವೈಪರ್ ಎತ್ತಿ ಜಾಲರಿಯ ಮೇಲಿನ ಹೂವನ್ನು ಸಣ್ಣ ಬ್ರಶ್‌ನಲ್ಲಿ ಗುಡಿಸಿ. ನೀರು ಹುಯ್ದು ತೊಳೆಯಬೇಡಿ, ಕಸ ಒಳಗೆ ಇಳಿಯುತ್ತದೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಎಸಿ ಫಿಲ್ಟರ್ ಬದಲಿಸಿ, ಡ್ರೈನ್ ಪೈಪು ಹಿಸುಕಿಸಿ. ಮನೆ ಹತ್ತಿರ ಬಂದಾಗ ಕೊನೆಯ ಮೂರು ನಾಲ್ಕು ನಿಮಿಷ ಎಸಿ ಬಟನ್ ಆಫ್ ಮಾಡಿ ಬ್ಲೋವರ್ ಮಾತ್ರ ಬಿಡಿ. ಕಾಯಿಲ್ ತಕ್ಕಮಟ್ಟಿಗೆ ಒಣಗಿ ಲೋಳೆ ಕಟ್ಟುವುದು ಕಡಿಮೆಯಾಗುತ್ತದೆ.

ಕಾಯಿಲ್ ವಿಷಯಕ್ಕೆ ಬಂದರೆ, ಈಗ 18,000 ಕೊಡಬೇಡಿ. ಪೈಪು ತೆರೆಸಿ, ಒಂದು ವಾರ ಓಡಿಸಿ ನೋಡಿ. ಆಮೇಲೂ ಯಾರಾದರೂ ಕಾಯಿಲ್ ಲೀಕ್ ಅಂದರೆ ಗೇಜ್ ಹಾಕಿ ಒತ್ತಡ ತೋರಿಸಿ ಅಂತ ಕೇಳಿ, ಲೀಕ್ ಡಿಟೆಕ್ಟರ್ ಹಿಡಿದು ಎಲ್ಲಿ ಸೋರುತ್ತಿದೆ ತೋರಿಸಿ ಅಂತ ಕೇಳಿ. ನಿಮ್ಮ ಕಣ್ಣೆದುರು ತೋರಿಸಿದರೆ ಬದಲಿಸುವ ಮಾತು. ನಾಳೆ ಗ್ಯಾರೇಜಿಗೆ ಹೋದಾಗ ‘ನೀರು ಸೋರುತ್ತಿದೆ’ ಅಂತಷ್ಟೇ ಹೇಳಬೇಡಿ. ‘ಎಸಿ ಡ್ರೈನ್ ಪೈಪು ತೆರೆದು, ಎಸಿ ಓಡಿಸಿ, ಕೆಳಗೆ ಹನಿ ಬೀಳುವುದನ್ನು ತೋರಿಸಿ’ ಅನ್ನಿ. ಕೆಲಸ ಅರ್ಧ ಗಂಟೆಯದು. ಹನಿ ಬೀಳುವುದನ್ನು ನೋಡಿದ ಮೇಲೆ ದುಡ್ಡು ಕೊಡಿ.